ಅರಿಶಿನದ ಮೊಟ್ಟೆ, ಸುಣ್ಣದ ಗೆರೆ

ಕೇಳುಗರಿಗೆ ನಮಸ್ಕಾರ.

ನಮ್ಮದು ಕಾಸರಗೋಡಿನ ಬೇಳದ ಕಡೆ. 1890ರಲ್ಲಿ ಕಟ್ಟಿದ ಗೋಥಿಕ್ ಶೈಲಿಯ ದೊಡ್ಡ ಇಗರ್ಜಿ ಇದೆಯಲ್ಲ, ಅದರ ಗಂಟೆ ಕೇಳುವಷ್ಟು ದೂರದಲ್ಲಿ ಮನೆ. ನಾವು ಸಣ್ಣವರಿರುವಾಗ ಈಸ್ಟರ್ ಮೊಟ್ಟೆ ಎಂದರೆ ಮಂಗಳೂರಿನ ಬೇಕರಿಯ ಸಕ್ಕರೆ ಮೊಟ್ಟೆ. ಕಚ್ಚಿದರೆ ಹಲ್ಲು ಅಲುಗಬೇಕು! ಕೋಳಿಮೊಟ್ಟೆಗೆ ಬಣ್ಣ ಹಾಕುವ ಹುಚ್ಚು ಹಿಡಿಸಿದ್ದು ಜರ್ಮನಿಯಲ್ಲಿರುವ ನನ್ನ ನಾದಿನಿ. ಕಳೆದ ವರ್ಷ ಮಕ್ಕಳ ಜತೆ ಬಂದಿದ್ದಳು.

ಹಬ್ಬದ ಹಿಂದಿನ ಶನಿವಾರ ಮಧ್ಯಾಹ್ನ ಹಿಂದಿನ ಚಾವಡಿಯಲ್ಲಿ ಒಂಬತ್ತು ಮಕ್ಕಳು, ಒಂದು ಟ್ರೇ ಮೊಟ್ಟೆ. ನಾಮಕ್ಕಲ್ಲಿನ ಬಿಳಿ ಮೊಟ್ಟೆಯೇ ಆಗಬೇಕು, ಊರ ಕೋಳಿಯ ಕಂದು ಚಿಪ್ಪಿನ ಮೇಲೆ ಬಣ್ಣ ಏಳುವುದಿಲ್ಲ.

“ಮೊಟ್ಟೆಯೇ ಯಾಕೆ ದೊಡ್ಡಮ್ಮ?” ಎಂದ ಒಬ್ಬ. ಹಿಂದೆ ಯುರೋಪಿನಲ್ಲಿ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತದಲ್ಲಿ, ಮಾಂಸದ ಹಾಗೆ ಮೊಟ್ಟೆಯೂ ವರ್ಜ್ಯ. ಕೋಳಿಗೆ ವ್ರತ ಗೊತ್ತುಂಟಾ? ಅದು ಇಡುತ್ತಲೇ ಇತ್ತು. ರಾಶಿ ಬಿದ್ದದ್ದು ಹಬ್ಬಕ್ಕೆ ಖರ್ಚಾಯಿತು. 1290ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ದೊರೆಯ ಅರಮನೆ ಲೆಕ್ಕದಲ್ಲಿ 450 ಮೊಟ್ಟೆಗೆ 18 ಪೆನ್ನಿ ಎಂದು ಬರೆದದ್ದಿದೆ. “ಒಂದಕ್ಕೆ ಎಷ್ಟಾಯಿತು?” ಎಂದೆ. ಹುಡುಗ ಅಲ್ಲಿಂದ ಜಾಗ ಖಾಲಿ ಮಾಡಿದ.

ಒಂದು ಪಾತ್ರೆಯಲ್ಲಿ ನೀರುಳ್ಳಿ ಸಿಪ್ಪೆ ಕುದಿಯಿತು. ಮೊಟ್ಟೆಗೆ ಬೇವಿನ ಸೊಪ್ಪಿನ ಎಲೆ ಒತ್ತಿ, ಹಳೇ ಮುಂಡಿನ ಚೂರು ಸುತ್ತಿ, ಬಾಳೆನಾರಿನಿಂದ ಬಿಗಿದು ಅದರಲ್ಲಿ ಬೇಯಿಸಿದೆವು. ಬಿಚ್ಚಿದರೆ ಕೆಂಗಂದು ಚಿಪ್ಪಿನ ಮೇಲೆ ಎಲೆಯದೇ ಬಿಳಿ ನೆರಳು. ಇನ್ನೊಂದರಲ್ಲಿ ಅರಿಶಿನ. ಅದಕ್ಕೆ ಹಂದಿ ಪದಾರ್ಥಕ್ಕೆಂದು ಇಟ್ಟಿದ್ದ ವಿನೆಗರ್ ಎರಡು ಚಮಚ. ಚಿಪ್ಪು ಎಂದರೆ ಸುಣ್ಣಕಲ್ಲಿನ ಜಾತಿಯೇ. ಹುಳಿ ತಾಗಿದರೆ ಸಣ್ಣ ಸಣ್ಣ ಗುಳ್ಳೆ ಎದ್ದು ಮೈ ತರಿಯಾಗುತ್ತದೆ, ಆಗ ಬಣ್ಣ ಹಿಡಿಯುತ್ತದೆ.

ನಾದಿನಿಯ ಸಣ್ಣ ಮಗಳಿಗೆ ಮಾತ್ರ ಕೆಂಪೇ ಬೇಕು. ಬೀಟ್‌ರೂಟು ಕೆಸರುಗುಲಾಬಿಯಾಗಿ ಕೈಕೊಟ್ಟಿತು. ಮೂಗಿನ ತುದಿಗೆ ಅಳು ಬಂದಿತ್ತು.

ಮೂಲೆಯಲ್ಲಿ ಎಲೆ ಜಗಿಯುತ್ತಿದ್ದ ನಮ್ಮ ಅತ್ತೆ, “ಇಷ್ಟಕ್ಕೆ ಯಾಕೆ ಮಗಾ ಗಲಾಟೆ? ಅದನ್ನಿಲ್ಲಿ ಕೊಡು” ಎಂದರು. ಹಿಡಿಸೂಡಿಯ ಕಡ್ಡಿಯೊಂದನ್ನು ಮುರಿದು ಸುಣ್ಣದ ಡಬ್ಬಿಯಲ್ಲಿ ಅದ್ದಿ, ಹಳದಿ ಮೊಟ್ಟೆಯ ಮೇಲೆ ಶಿಲುಬೆ ಎಳೆದರು. ಬಿಳಿ ಸುಣ್ಣ ಎಳೆದಲ್ಲೆಲ್ಲ ರಕ್ತಗೆಂಪು! ನೆರೆಮನೆಯವರು ಮದುಮಕ್ಕಳಿಗೆ ಆರತಿ ಎತ್ತುವ ಕುರ್ದಿ ನೀರು ಇದೇ ತಾನೇ, ಅರಿಶಿನಕ್ಕೆ ಸುಣ್ಣ? ಅಷ್ಟು ಹೊತ್ತು ವಿನೆಗರ್ ಹಿಡಿದು ಪಾಠ ಹೇಳುತ್ತಿದ್ದ ನನಗೇ ಹೊಳೆದಿರಲಿಲ್ಲ. ಆಮೇಲೆ ಒಂಬತ್ತೂ ಮಕ್ಕಳು ಅತ್ತೆಯ ಸುತ್ತ. ಹಿಡಿಸೂಡಿ ಅರ್ಧ ಖಾಲಿ.

ರಾತ್ರಿ ಪೂಜೆ ಮುಗಿಸಿ ಬಂದು ಮಲಗಿ, ಬೆಳಿಗ್ಗೆ ನೋಡಿದರೆ ಕೆಂಪು ಗೆರೆ ಮಾಸಿ ಕಂದಾಗಿತ್ತು. ಹುಡುಗಿ ಮತ್ತೆ ಸುಣ್ಣ ಹಚ್ಚಲು ಕೂತಳು. ಏಪ್ರಿಲ್ ಸೆಕೆ, ಇಟ್ಟರೆ ಹಾಳಾಗುತ್ತದೆಂದು ಉಳಿದವನ್ನೆಲ್ಲ ಸುಲಿದು ಮಧ್ಯಾಹ್ನದ ಪದಾರ್ಥಕ್ಕೆ ಹಾಕಿದೆವು. ಅವಳದೊಂದನ್ನು ಮುಟ್ಟಗೊಡಲಿಲ್ಲ, ಜರ್ಮನಿಗೆ ಒಯ್ಯುತ್ತಾಳಂತೆ. ಕೊನೆಗೆ ಅತ್ತೆ ತಮ್ಮ ಸುಣ್ಣದ ಡಬ್ಬಿಯನ್ನೇ ಅವಳ ಕೈಗಿಟ್ಟು ಮೊಟ್ಟೆ ಬಿಡಿಸಿಕೊಂಡರು.