ಹಳೆ ಲ್ಯಾಂಡ್‌ಲೈನ್ ಫೋನಿಗೆ ಯಾವ ಅಡಾಪ್ಟರ್? ಕೊಳ್ಳುವ ಮುಂಚೆ ಇದನ್ನು ನೋಡಿ

ನಮಸ್ಕಾರ. ಮನೆಗೆ ಫೈಬರ್ ಬಂತು, ತಾಮ್ರದ ತಂತಿ ಹೋಯಿತು. ಹಾಲ್‌ನಲ್ಲಿರುವ ಹಳೆ ಫೋನ್ ಏನು ಮಾಡುವುದು? ದಯವಿಟ್ಟು ಗುಜರಿಗೆ ಹಾಕಬೇಡಿ. ಟಚ್ ಸ್ಕ್ರೀನ್ ಒಗ್ಗದ ಅಜ್ಜ, ಅಜ್ಜಿಗೆ ಕೈತುಂಬ ಸಿಗುವ ರಿಸೀವರ್, ದೊಡ್ಡ ಬಟನ್, ಜೋರು ರಿಂಗ್ ಇರುವ ಆ ಫೋನೇ ಸರಿ. ಅದನ್ನು ಇಂಟರ್ನೆಟ್ ಮೇಲೆ ಓಡಿಸಲು ಮಧ್ಯೆ ಒಂದು ಸಣ್ಣ ಡಬ್ಬಿ ಬೇಕು. ಅದಕ್ಕೆ ಎಟಿಎ, ಅಂದರೆ ಅನಲಾಗ್ ಟೆಲಿಫೋನ್ ಅಡಾಪ್ಟರ್ ಅಂತಾರೆ.

[ದೃಶ್ಯ: ಫೈಬರ್ ಮೋಡೆಮ್‌ನ ಹಿಂಬದಿ, ಹತ್ತಿರದಿಂದ]

ಆದರೆ ದುಡ್ಡು ಬಿಚ್ಚುವ ಮುಂಚೆ ನಿಮ್ಮ ಮೋಡೆಮ್ ಹಿಂದೆ ತಿರುಗಿಸಿ ನೋಡಿ. ಲ್ಯಾನ್ ಕೇಬಲ್ ಹಾಕುವ ದೊಡ್ಡ ತೂತುಗಳ ಪಕ್ಕ ಒಂದು ಚಿಕ್ಕ ತೂತು ಇದೆಯಾ? ಮೇಲೆ ‘ಫೋನ್’, ‘ಟೆಲ್’ ಅಥವಾ ‘ಪಾಟ್ಸ್’ ಅಂತ ಬರೆದಿದೆಯಾ? ಹಾಗಿದ್ದರೆ ಎಟಿಎ ಆಗಲೇ ಅದರೊಳಗೇ ಇದೆ. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಫೈಬರ್ ಮೋಡೆಮ್‌ಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಕಂಪನಿಯವರಿಗೆ ಹೇಳಿ ವಾಯ್ಸ್ ಆನ್ ಮಾಡಿಸಿ, ಫೋನ್ ವೈರ್ ಸಿಕ್ಕಿಸಿದರೆ ಕೆಲಸ ಮುಗಿಯಿತು. ಬೇರೇನೂ ಕೊಳ್ಳಬೇಡಿ.

ಆ ತೂತು ಇಲ್ಲದಿದ್ದರೆ, ಅಥವಾ ಆಫೀಸು, ಅಪಾರ್ಟ್‌ಮೆಂಟಿನ ಐಪಿ ಇಂಟರ್‌ಕಾಮ್‌ಗೆ ಹಳೆ ಫೋನ್ ಸೇರಿಸಬೇಕಿದ್ದರೆ ಮಾತ್ರ ಪ್ರತ್ಯೇಕ ಎಟಿಎ ಬೇಕು. ಆಗಲೂ ಮೊದಲು ಕೇಳಬೇಕಾದದ್ದು ಅಂಗಡಿಯವರನ್ನಲ್ಲ, ಸರ್ವಿಸ್ ಕೊಡುವವರನ್ನು. “ಹೊರಗಿನ ಎಟಿಎ ಹಾಕಿಕೊಳ್ಳಲು ಸಿಪ್ (ಇಂಟರ್ನೆಟ್ ಕರೆಯ ಖಾತೆ) ಯೂಸರ್‌ನೇಮ್, ಪಾಸ್‌ವರ್ಡ್ ಕೊಡ್ತೀರಾ?” ಇಲ್ಲ ಅಂದರೆ ಎಷ್ಟು ದುಬಾರಿ ಡಬ್ಬಿ ತಂದರೂ ಡಯಲ್ ಟೋನ್ ಬಂದೀತು, ಹೊರಗೆ ಕರೆ ಹೋಗದು.

[ಸ್ಕ್ರೀನ್ ಮೇಲೆ: ಎಫ್‌ಎಕ್ಸ್‌ಎಸ್ / ಎಫ್‌ಎಕ್ಸ್‌ಒ]

ಈಗ ಜಾಸ್ತಿ ಜನ ಎಡವುವ ಜಾಗ. ಎಫ್‌ಎಕ್ಸ್‌ಎಸ್ ಪೋರ್ಟ್‌ಗೆ ಫೋನ್ ಸಿಕ್ಕಿಸುವುದು. ಫೋನಿಗೆ ಕರೆಂಟ್, ಡಯಲ್ ಟೋನ್, ರಿಂಗ್ ಕೊಡುವುದು ಇದೇ. ಎಫ್‌ಎಕ್ಸ್‌ಒ ಪೋರ್ಟ್‌ಗೆ ಎಕ್ಸ್‌ಚೇಂಜ್‌ನಿಂದ ಬರುವ ಲೈನ್ ಸಿಕ್ಕಿಸುವುದು. ಎರಡೂ ನೋಡಲು ಒಂದೇ ಥರ, ಒಂದೇ ಆರ್‌ಜೆ11 ಪಿನ್. ಗ್ರ್ಯಾಂಡ್‌ಸ್ಟ್ರೀಮ್ ಕಂಪನಿಯದೇ ತಗೊಳ್ಳಿ: ಎಚ್‌ಟಿ801ರಲ್ಲಿ ಒಂದು ಎಫ್‌ಎಕ್ಸ್‌ಎಸ್, ಎಚ್‌ಟಿ802ರಲ್ಲಿ ಎರಡು, ಎಚ್‌ಟಿ813ರಲ್ಲಿ ಎರಡೂ ಬಗೆಯದು ಒಂದೊಂದು. ಮನೆಯಲ್ಲಿ ಒಂದು ಫೋನ್ ಇದ್ದರೆ 801 ಸಾಕು. ಸುಮ್ನೆ 813ಕ್ಕೆ ಹೋಗಬೇಡಿ.

ಗೋಡೆಯ ಹಳೆ ರೋಸೆಟ್‌ನಲ್ಲಿ (ಫೋನ್ ವೈರ್ ಸಿಕ್ಕಿಸುವ ಡಬ್ಬಿ) ಲೈನ್ ಇನ್ನೂ ಜೀವಂತ ಇದ್ದರೆ ಎಟಿಎಯ ಫೋನ್ ಪೋರ್ಟನ್ನು ಅದಕ್ಕೆ ಯಾವ ಕಾರಣಕ್ಕೂ ಸೇರಿಸಬೇಡಿ. ಆ ತಂತಿಯಲ್ಲಿ 48 ವೋಲ್ಟ್ ಡಿಸಿ ಇರುತ್ತದೆ. ರಿಂಗ್ ಆಗುವಾಗ 75 ವೋಲ್ಟ್ ಆಸುಪಾಸಿನ ಎಸಿ ಬರುತ್ತದೆ. ಡಬ್ಬಿ ಸುಟ್ಟುಹೋಗಬಹುದು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ವಿದೇಶದಿಂದ ಇಂಟರ್ನೆಟ್ ಮೇಲೆ ಬರುವ ಕರೆಯನ್ನು ಲೈಸೆನ್ಸ್ ಇಲ್ಲದೆ ಇಲ್ಲಿನ ಲೈನಿಗೆ ತಿರುಗಿಸುವುದು ಅಪರಾಧ. 2021ರಲ್ಲಿ ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಅಕ್ರಮ ಎಕ್ಸ್‌ಚೇಂಜ್ ಮಾಡುತ್ತಿದ್ದದ್ದು ಇದನ್ನೇ, ಸಿಮ್ ಬಾಕ್ಸ್, ಅಂದರೆ ಹತ್ತಾರು ಸಿಮ್ ಹಾಕಿ ಕರೆ ತಿರುಗಿಸುವ ಯಂತ್ರ ಇಟ್ಟುಕೊಂಡು. ಅಮೆರಿಕದಲ್ಲಿರುವ ಮಗನ ಕರೆ ಪುಕ್ಕಟೆ ಬರಲಿ ಅಂತ ಎಫ್‌ಎಕ್ಸ್‌ಒ ಹಾಕಿ ಪ್ರಯೋಗ ಮಾಡಲು ಹೋಗಬೇಡಿ. ಅದಕ್ಕೆ ವಾಟ್ಸಾಪ್ ಇದೆಯಲ್ಲ.

[ದೃಶ್ಯ: ಹಳೆ ಸಿಸ್ಕೋ ಅಡಾಪ್ಟರ್‌ನ ಚಿತ್ರ]

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಎರಡು ವಿಷಯ ನೋಡಿ. ಒಂದು, ಲಾಕ್. ವಿದೇಶದ ಕಂಪನಿಗಳು ತಮ್ಮ ಗ್ರಾಹಕರಿಗೆ ಕೊಟ್ಟ ಡಬ್ಬಿ ಬೇರೆ ಕಂಪನಿಯ ಜತೆ ಕೆಲಸ ಮಾಡದೇ ಇರಬಹುದು. ಇನ್ನೊಂದು, ವಯಸ್ಸು. ಸಿಸ್ಕೋ ಎಸ್‌ಪಿಎ112 ಒಂದು ಕಾಲಕ್ಕೆ ಬಹಳ ಹೆಸರು ಮಾಡಿತ್ತು. 2023ರಲ್ಲಿ ಅದರಲ್ಲಿ ಗಂಭೀರ ಭದ್ರತಾ ದೋಷ ಸಿಕ್ಕಿತು. ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಅದಕ್ಕೆ ಬೇರೆ ಫರ್ಮ್‌ವೇರ್ (ಡಬ್ಬಿಯನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ತುಂಬಬಹುದಿತ್ತು. ಹಳೆ ಮಾಡೆಲ್ ಆದ್ದರಿಂದ ಅದನ್ನು ಸರಿಪಡಿಸುವುದಿಲ್ಲ ಅಂತ ಕಂಪನಿಯೇ ಹೇಳಿತು. ಅಗ್ಗಕ್ಕೆ ಸಿಕ್ಕರೂ ಅದು ಬೇಡ.

ತಿರುಗಿಸುವ ಡಯಲ್‌ನ ಫೋನ್ ಇದ್ದರೆ ಪಲ್ಸ್ ಡಯಲಿಂಗ್ ಸಪೋರ್ಟ್ ಇದೆಯಾ ಅಂತ ಕೇಳಿ. ಎಲ್ಲ ಎಟಿಎಗಳಲ್ಲೂ ಇರುವುದಿಲ್ಲ. ಇಂಟರ್ನೆಟ್ ವೇಗದ ಚಿಂತೆ ಬೇಡ. ಒಂದು ಕರೆಗೆ ಒಂದೊಂದು ದಿಕ್ಕಿಗೆ 90 ಕೆಬಿಪಿಎಸ್ ಇದ್ದರೆ ಧ್ವನಿ ಚೆನ್ನಾಗಿರುತ್ತದೆ.

[ದೃಶ್ಯ: ಕೀಪ್ಯಾಡ್ ಮೇಲೆ ಬೆರಳು]

ಎಚ್‌ಟಿ801ಕ್ಕೆ ವೈಫೈ ಇಲ್ಲ. ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆಯಿರಿ. ಆಮೇಲೆ ರಿಸೀವರ್ ಎತ್ತಿ ಸ್ಟಾರ್ ಬಟನ್ ಮೂರು ಸಲ ಒತ್ತಿ. ಒಳಗಿಂದ ಧ್ವನಿ ಕೇಳುತ್ತದೆ. 02 ಒತ್ತಿ, ಅದು ತನ್ನ ಐಪಿ ಅಡ್ರೆಸ್ ಓದಿ ಹೇಳುತ್ತದೆ. ಬರೆದುಕೊಂಡು ಬ್ರೌಸರ್‌ನಲ್ಲಿ ಹಾಕಿ, ಸಿಪ್ ವಿವರ ತುಂಬಿ. ಅಡ್ಮಿನ್ ಪಾಸ್‌ವರ್ಡ್ ಅಲ್ಲೇ, ಆಗಲೇ ಬದಲಾಯಿಸಿ.

ಕೊನೆಯದು ಕರೆಂಟ್. ಹಳೆ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜ್‌ನ ಬ್ಯಾಟರಿಯೇ ಕರೆಂಟ್ ಕೊಡುತ್ತಿತ್ತು. ಅದಕ್ಕೇ ಮಳೆಗಾಲದಲ್ಲಿ ಊರೆಲ್ಲ ಕತ್ತಲಾದರೂ ಫೋನ್ ಬದುಕಿರುತ್ತಿತ್ತು. ಎಟಿಎ ಹಾಗಲ್ಲ. ಮೋಡೆಮ್, ರೂಟರ್, ಎಟಿಎ ಮೂರಕ್ಕೂ ಕರೆಂಟ್ ಬೇಕು. ಒಂದು ಆರಿದರೂ ಫೋನ್ ಸತ್ತಂತೆ. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಎಟಿಎ ಜತೆಗೇ ಯುಪಿಎಸ್ ಕೂಡ ಕೊಡಿಸಿ. 12 ವೋಲ್ಟ್ ಜತೆ 5 ವೋಲ್ಟ್ ಕೂಡ ಕೊಡುವ ಮಿನಿ ಯುಪಿಎಸ್ ಸಿಗುತ್ತದೆ. ಎಚ್‌ಟಿ801ಕ್ಕೆ ಬೇಕಾಗುವುದು 5 ವೋಲ್ಟ್. ಎಲ್ಲ ಜೋಡಿಸಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಆ ಫೋನಿನಿಂದ ನಿಮ್ಮ ಮೊಬೈಲಿಗೆ ಒಂದು ಕರೆ ಮಾಡಿ ನೋಡಿ. ಅಜ್ಜಿ ಕೈಯಲ್ಲೇ ಮಾಡಿಸಿದರೆ ಇನ್ನೂ ಒಳ್ಳೆಯದು.