ಯುರೋಪಿಗೆ ಹೋಗೋ ದ್ರಾಕ್ಷಿ, ಸಂತೆಗೆ ಬರೋ ದ್ರಾಕ್ಷಿ

ನಮಸ್ಕಾರ. ಇವತ್ತಿನ ಮಾತು 1968ರ ಕೀಟನಾಶಕ ಕಾಯ್ದೆ ಬಗ್ಗೆ. ಹೆಸರು ಕೇಳಿದ ಕೂಡಲೇ ಮುಂದಿನ ವಿಡಿಯೋಗೆ ಜಾರಬೇಡಿ. ಮಕ್ಕಳ ಡಬ್ಬಿಗೆ ಒಂದು ಹಿಡಿ ದ್ರಾಕ್ಷಿ ಹಾಕಿ ಕಳಿಸ್ತೀವಲ್ಲ, ಅದಕ್ಕೆ ಸಂಬಂಧಪಟ್ಟ ವಿಷಯ ಇದು.

ನಮ್ಮಲ್ಲಿ ಒಂದು ಮಾತಿದೆ. "ಕಾಯ್ದೆ ಏನೋ ಇದೆ ಸ್ವಾಮಿ, ಪಾಲಿಸೋಕೆ ಆಗಬೇಕಲ್ಲ. ಸಣ್ಣ ಹಿಡುವಳಿ, ಓದು ಬರದ ರೈತರು, ಇಲಾಖೆಯಲ್ಲಿ ಸಿಬ್ಬಂದಿ ಇಲ್ಲ." ಅಧಿಕಾರಿಗಳೂ ಹೇಳ್ತಾರೆ, ಕಂಪನಿಯವರೂ ಹೇಳ್ತಾರೆ. ನಾನು ಇದನ್ನ ಒಪ್ಪಲ್ಲ. ಯಾಕಂದ್ರೆ ಅದೇ ಸಣ್ಣ ಹಿಡುವಳಿಯ ರೈತರ ಕೈಯಲ್ಲೇ ಈ ನಿಯಮಗಳನ್ನ ಅಕ್ಷರಶಃ ಪಾಲಿಸಿ ತೋರಿಸಿದ್ದೀವಿ. ಆದರೆ ಅದು ನಮಗಾಗಿ ಅಲ್ಲ, ಯುರೋಪಿನವರಿಗಾಗಿ.

ಮೊದಲು ಕಾಯ್ದೆ ಏನು ಹೇಳುತ್ತೆ ಅಂತ ನೋಡೋಣ. 1958ರಲ್ಲಿ ಕೇರಳ ಮತ್ತು ಆಗಿನ ಮದ್ರಾಸ್ ರಾಜ್ಯದಲ್ಲಿ ಪ್ಯಾರಾಥಿಯಾನ್ ಅನ್ನೋ ಕೀಟನಾಶಕ ಸಾಗಾಟದಲ್ಲಿ ಆಹಾರ ಸಾಮಗ್ರಿಗೆ ಬೆರೆತು, ಅದನ್ನ ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಆ ಸಾವುಗಳಿಂದ ಹುಟ್ಟಿದ ಕಾಯ್ದೆ ಇದು, ಬರೋಕೆ ಹತ್ತು ವರ್ಷ ಹಿಡೀತು. ಇದರ ಪ್ರಕಾರ ಯಾವುದೇ ಕೀಟನಾಶಕ ಮಾರಬೇಕಾದ್ರೆ ಮೊದಲು ನೋಂದಣಿ ಆಗಬೇಕು. ಫರಿದಾಬಾದ್‌ನಲ್ಲಿರೋ ನೋಂದಣಿ ಸಮಿತಿ ಅರ್ಜಿ ನೋಡುತ್ತೆ: ಹುಳ ಸಾಯುತ್ತಾ, ಮನುಷ್ಯ ಉಳೀತಾನಾ, ಬೆಳೆಯಲ್ಲಿ ಎಷ್ಟು ಉಳಿಯುತ್ತೆ. ಅನುಮತಿ ಕೊಡೋವಾಗ "ಈ ಔಷಧಿ ಒಳ್ಳೇದು" ಅಂತ ಒಟ್ಟಾರೆ ಠಸ್ಸೆ ಒತ್ತಲ್ಲ. ಇಂಥ ಬೆಳೆಗೆ, ಇಂಥ ಹುಳಕ್ಕೆ ಅಥವಾ ರೋಗಕ್ಕೆ, ಎಕರೆಗೋ ಹೆಕ್ಟೇರಿಗೋ ಇಷ್ಟು, ಕೊನೆಯ ಸಿಂಪಡಣೆ ಆದ ಮೇಲೆ ಕೊಯ್ಲಿಗೆ ಇಷ್ಟು ದಿನ ಕಾಯಬೇಕು ಅಂತ ಬರೆದು ಕೊಡುತ್ತೆ. ದ್ರಾಕ್ಷಿ ಬೆಳೆಗಾರರು ಇದನ್ನೇ ಲೇಬಲ್ ಕ್ಲೇಮ್ ಅನ್ನೋದು. ಹತ್ತಿಗೆ ಅನುಮತಿ ಇರೋದನ್ನ ಟೊಮೆಟೊಗೆ ಹೊಡೆದ್ರೆ ಆ ನೋಂದಣಿ ಟೊಮೆಟೊ ಮಟ್ಟಿಗೆ ಇಲ್ಲವೇ ಇಲ್ಲ.

ಈಗ ದ್ರಾಕ್ಷಿಗೆ ಬರೋಣ. ಯುರೋಪಿಗೆ ಹೋಗೋ ಭಾರತದ ದ್ರಾಕ್ಷಿಗೆ, ಕೃಷಿ ರಫ್ತು ನೋಡಿಕೊಳ್ಳೋ ಕೇಂದ್ರ ಸರ್ಕಾರದ ಅಪೆಡಾ ಸಂಸ್ಥೆ 2006ರಿಂದ ಗ್ರೇಪ್‌ನೆಟ್ ಅನ್ನೋ ವ್ಯವಸ್ಥೆ ನಡೆಸ್ತಾ ಇದೆ. ನಾಶಿಕ್ ಕಡೆಯ ತೋಟಗಳೇ ಇದರಲ್ಲಿ ಹೆಚ್ಚು. ತೋಟದ ಒಂದೊಂದು ಪ್ಲಾಟ್ ಕೂಡ ನೋಂದಣಿ ಆಗಬೇಕು. ಯಾವತ್ತು ಏನು ಹೊಡೆದೆ, ಎಷ್ಟು ಹೊಡೆದೆ ಅಂತ ರೈತ ಬರೆದಿಡಬೇಕು. ಯಾವ ಔಷಧಿ ಹೊಡೀಬಹುದು, ಎಷ್ಟು ದಿನ ಕಾಯಬೇಕು ಅನ್ನೋ ಪಟ್ಟಿಯನ್ನ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಕೊಡುತ್ತೆ. ಕೊಯ್ಲಿಗೆ ಮುಂಚೆ ಲ್ಯಾಬ್‌ನವರೇ ತೋಟಕ್ಕೆ ಬಂದು ಸ್ಯಾಂಪಲ್ ತಗೋತಾರೆ. ರೈತ ಚೆಂದದ ಗೊಂಚಲು ಆರಿಸಿ ಕೊಡೋ ಹಾಗಿಲ್ಲ. ಫೇಲಾದ್ರೆ ಆ ಪ್ಲಾಟಿನ ಹಣ್ಣು ಯುರೋಪಿನ ಹಡಗು ಹತ್ತಲ್ಲ.

ಇದೇನು ಸಲೀಸಾಗಿ ಆಗಿದ್ದಲ್ಲ. 2010ರಲ್ಲಿ ಕ್ಲೋರ್ಮೆಕ್ವಾಟ್ ಅನ್ನೋ ರಾಸಾಯನಿಕದ ಉಳಿಕೆ ಸಿಕ್ಕಿತು ಅಂತ ಯುರೋಪಿನವರು ನಮ್ಮ ದ್ರಾಕ್ಷಿ ತಡೆದರು. ಬಳ್ಳಿಯ ಬೆಳವಣಿಗೆ ಹಿಡಿತದಲ್ಲಿಡೋಕೆ ನಮ್ಮವರು ಬಳಸ್ತಿದ್ದ ಮಾಲು ಅದು. ರಫ್ತುದಾರರಿಗೆ ದೊಡ್ಡ ಹೊಡೆತ ಬಿತ್ತು. ಆಮೇಲೆ ಏನಾಯ್ತು? ಅದನ್ನೂ ತಪಾಸಣೆ ಪಟ್ಟಿಗೆ ಸೇರಿಸಿದರು, ರೈತರಿಗೆ ತಿಳಿಸಿದರು, ವ್ಯಾಪಾರ ಮತ್ತೆ ನಡೀತು. ದುಡ್ಡು ಹೋಗುತ್ತೆ ಅಂದಾಗ ಸಿಬ್ಬಂದಿಯೂ ಸಿಕ್ಕರು, ಲ್ಯಾಬೂ ಸಿಕ್ಕಿತು, ಓದು ಬರದ ರೈತನಿಗೆ ಹೇಳಿಕೊಡೋರೂ ಸಿಕ್ಕರು.

ಇನ್ನು ನಮ್ಮ ಪೇಟೆಗೆ ಬರೋ ದ್ರಾಕ್ಷಿ? ಅದಕ್ಕೆ ಪ್ಲಾಟ್ ನಂಬರ್ ಇಲ್ಲ, ಸಿಂಪಡಣೆ ಪುಸ್ತಕ ಇಲ್ಲ, ಕೊಯ್ಲಿಗೆ ಮುಂಚೆ ಲ್ಯಾಬಿನವರೂ ಇಲ್ಲ. ವಿಜಯಪುರ ಜಿಲ್ಲೆಯ ದ್ರಾಕ್ಷಿಯಲ್ಲಿ ದೊಡ್ಡ ಪಾಲು ಒಣದ್ರಾಕ್ಷಿ ಆಗುತ್ತೆ. ಹಣ್ಣು ಒಣಗಿದಾಗ ನೀರು ಹೋಗುತ್ತೆ, ತೂಕ ಇಳಿಯುತ್ತೆ. ಉಳಿದ ಔಷಧಿಯೆಲ್ಲ ನೀರಿನ ಜೊತೆ ಹೋಗುತ್ತೆ ಅಂತ ಮಾತ್ರ ಅಂದುಕೊಳ್ಳಬೇಡಿ. ಹಣ್ಣಿನಲ್ಲಿ ಔಷಧಿ ಇಷ್ಟೇ ಉಳಿಯಬಹುದು ಅನ್ನೋ ಯುರೋಪಿನ ಮಿತಿ ನಮ್ಮದಕ್ಕಿಂತ ಬಿಗಿ, ಅಲ್ಲಿ ಫೇಲಾಗಿದ್ದೆಲ್ಲ ಇಲ್ಲಿ ವಿಷ ಅಂತ ನಾನು ಹೇಳ್ತಿಲ್ಲ. ನಮ್ಮದೇ ಮಿತಿಯೊಳಗೆ ಇದೆಯಾ ಅಂತ ನೋಡೋರು ಯಾರು ಅನ್ನೋದಷ್ಟೇ ನನ್ನ ಪ್ರಶ್ನೆ.

ಉತ್ತರ ಕಾಯ್ದೆಯಲ್ಲೇ ಇದೆ, ಓದಿದ್ರೆ ಬೆಚ್ಚಿಬೀಳ್ತೀರಿ. ಕೀಟನಾಶಕ ಕಾಯ್ದೆಯ 38ನೇ ಕಲಮು: ಸ್ವಂತ ಸಾಗುವಳಿಯ ಜಮೀನಿನಲ್ಲಿ ಬಳಸೋ ಕೀಟನಾಶಕಕ್ಕೆ ಈ ಕಾಯ್ದೆ ಅನ್ವಯಿಸಲ್ಲ. ಸರಿ, ಆಹಾರ ಸುರಕ್ಷತಾ ಕಾಯ್ದೆ ಇದೆಯಲ್ಲ? 2006ರ ಆ ಕಾಯ್ದೆಯ 18ನೇ ಕಲಮಿನಲ್ಲೂ ರೈತರನ್ನ, ಬೆಳೆಯನ್ನ ಹೊರಗೆ ಇಟ್ಟಿದ್ದಾರೆ. ಅಂದ್ರೆ ಬೆಳೆ, ಡೋಸು, ಕಾಯುವ ದಿನ ಅಂತ ಅಷ್ಟೆಲ್ಲ ಬರೆದ ಲೇಬಲ್‌ಗೆ ಹೊಲದ ಬದುವಿನಿಂದ ಆಚೆಗೇ ಬಲ ಇರೋದು.

ರೈತನನ್ನ ಹೊರಗಿಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ. ಇನ್‌ಸ್ಪೆಕ್ಟರು ಹೊಲಕ್ಕೆ ಬಂದು ಕೇಸು ಹಾಕೋ ಕಾಲ ಬರೋದು ಬೇಡ. ಆದರೆ ರೈತನನ್ನ ಬಿಟ್ಟ ಮೇಲೆ ಆ ಭಾರ ಹೊರಬೇಕಾದವರು ಔಷಧಿ ಮಾರೋ ಅಂಗಡಿಯವರು, ಅವರ ಹಿಂದಿರೋ ಕಂಪನಿ. ನಿಜದಲ್ಲಿ ತೀರ್ಮಾನ ಆಗೋದೂ ಅಲ್ಲೇ. ರೈತ ಎಲೆಯೊಂದನ್ನ ಕಿತ್ತು ತಂದು ಗೊಬ್ಬರದಂಗಡಿಯ ಕೌಂಟರ್ ಮೇಲೆ ಇಡ್ತಾನೆ. "ಅಣ್ಣ, ಇದಕ್ಕೇನು ಹೊಡೀಲಿ?" ಅಂಗಡಿಯವ ಎರಡು ಡಬ್ಬಿ ಕೊಡ್ತಾನೆ. ಬಹಳ ಸಲ ಉದ್ರಿ. ಉದ್ರಿ ತಗೊಂಡವನು "ಇದು ನನ್ನ ಬೆಳೆಗೆ ನೋಂದಣಿ ಆಗಿದೆಯಾ" ಅಂತ ಕೇಳ್ತಾನಾ? ಡಬ್ಬಿಯೊಳಗೆ ಪ್ರಾದೇಶಿಕ ಭಾಷೆಯಲ್ಲೂ ಕರಪತ್ರ ಇರಬೇಕು ಅಂತ ನಿಯಮ ಇದೆ, ಇರುತ್ತೆ ಕೂಡ. ಎಂಟು ಮಡಿಕೆ, ಸಾಸಿವೆ ಕಾಳಿನ ಅಕ್ಷರ.

ಹೊರಗಿನ ಬಣ್ಣದ ಗುರುತೂ ಅಷ್ಟೇ. ಕೆಂಪು, ಹಳದಿ, ನೀಲಿ, ಹಸಿರು. ಹಸಿರು ಅಂದ್ರೆ ಅಪಾಯ ಇಲ್ಲ ಅಂತ ಎಷ್ಟೋ ಜನ ತಿಳಿದಿದ್ದಾರೆ. ಆ ಬಣ್ಣ ಹೇಳೋದು ಒಮ್ಮೆಗೇ ಮೈಗೆ ಸೇರಿದ್ರೆ ಎಷ್ಟು ಬೇಗ ಪ್ರಾಣಕ್ಕೆ ಕುತ್ತು ಅನ್ನೋದನ್ನ. ಹಣ್ಣಿನಲ್ಲಿ ಉಳಿಯೋದರ ಬಗ್ಗೆ ಅದು ಏನೂ ಹೇಳಲ್ಲ.

ಅಂಗಡಿಯವರಿಗೆ ವಿದ್ಯಾರ್ಹತೆ ಬೇಕು ಅಂತ ನಿಯಮ ಬಂತು, ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯ ಒಂದು ವರ್ಷದ ಡಿಪ್ಲೊಮಾ ಬಂತು, ವಾರದ ರಜಾ ದಿನ ಕ್ಲಾಸು. ಒಳ್ಳೇ ಕೆಲಸ. ಆದರೆ ಡಿಪ್ಲೊಮಾ ಗೋಡೆ ಮೇಲಿದ್ದು, ಮಾರಾಟದ ಗುರಿ ಕಂಪನಿಯವರು ಕೊಟ್ಟಿದ್ದೇ ಆದ್ರೆ ಕೌಂಟರ್ ಮೇಲೆ ಬರೋದು ಯಾವ ಡಬ್ಬಿ? ಬಿಲ್ಲಿನಲ್ಲಿ ಬೆಳೆಯ ಹೆಸರು, ಕಾಯುವ ದಿನ ಎರಡೂ ಬರೀಲಿ. ಇಷ್ಟೇ ನನ್ನ ಬೇಡಿಕೆ. ಆ ಬೆಳೆಗೆ ಲೇಬಲ್ ಕ್ಲೇಮ್ ಇಲ್ಲದ್ದನ್ನ ಕೊಟ್ಟ ಅಂತ ಕಾಗದದಲ್ಲೇ ಗೊತ್ತಾದ್ರೆ, ಹಿಡಿಯೋಕೆ ಹೊಲಕ್ಕೆ ಹೋಗಬೇಕಾಗಿಲ್ಲ.

ಅಂಗಡಿಯವರ ಕಡೆಯಿಂದ ಒಂದು ನ್ಯಾಯವಾದ ತಕರಾರಿದೆ, ಅದನ್ನ ನಾನು ನುಂಗಿಬಿಡೋ ಹಾಗಿಲ್ಲ. ಸಣ್ಣ ಬೆಳೆಗಳಿಗೆ ನೋಂದಣಿಯಾದ ಔಷಧಿಯೇ ಕಡಿಮೆ. ನೋಂದಣಿಗೆ ಬೇಕಾದ ಪ್ರಯೋಗದ ಖರ್ಚು ಕಂಪನಿಯದು. ಭತ್ತ, ಹತ್ತಿಗಾದ್ರೆ ಆ ಖರ್ಚು ವಾಪಸ್ ಬರುತ್ತೆ, ವೀಳ್ಯದೆಲೆಗೆ, ಉಡುಪಿ ಮಲ್ಲಿಗೆಗೆ ಯಾವ ಕಂಪನಿ ಕೈ ಹಾಕುತ್ತೆ? ಹಾಗಾಗಿ ಆ ಬೆಳೆಗಾರ ಏನೇ ಹೊಡೆದ್ರೂ ಲೇಬಲ್ ಆಚೆಗಿನದ್ದೇ ಆಗೋ ಸಾಧ್ಯತೆ ಹೆಚ್ಚು.

ಇನ್ನೊಂದು ಕಡೆ, ಒಮ್ಮೆ ನೋಂದಣಿಯಾದ ಹಳೇ ಔಷಧಿಗೆ ಅವಧಿ ಮುಗಿಯೋ ದಿನ ಅಂತಲೇ ಇಲ್ಲ. ಭೋಪಾಲದ ಕಾರ್ಖಾನೆ ತಯಾರಿಸ್ತಿದ್ದ ಕಾರ್ಬರಿಲ್ ಗೊತ್ತಲ್ಲ? ಅನಿಲ ಸೋರಿದ್ದು 1984ರಲ್ಲಿ. ಕಾರ್ಬರಿಲ್ ಮೇಲೆ ನಿಷೇಧ ಬಂದಿದ್ದು 2018ರಲ್ಲಿ.

ಸಣ್ಣ ಬೆಳೆಗಳಿಗೆ ಔಷಧಿ ಕಡಿಮೆ ಅಂದೆನಲ್ಲ, ಅದಕ್ಕೇ ಬಿಲ್ಲಿನ ನಿಯಮ ತರೋ ಮುಂಚೆ ಸರ್ಕಾರ ತನ್ನ ದುಡ್ಡಲ್ಲಿ ಸಣ್ಣ ಬೆಳೆಗಳ ಪ್ರಯೋಗ ಮಾಡಿಸಬೇಕು. ಧಾರವಾಡ, ಶಿವಮೊಗ್ಗ, ರಾಯಚೂರು, ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಕಂಪನಿ ದುಡ್ಡು ಕೊಟ್ಟಾಗ ಇಂಥ ಕಡೆಯೇ ಪ್ರಯೋಗ ನಡೆಯೋದು. ವೀಳ್ಯದೆಲೆಯಿಂದಲೇ ಶುರು ಮಾಡಲಿ: ಅದನ್ನ ಬೇಯಿಸಲ್ಲ, ಸಿಪ್ಪೆ ಸುಲಿಯಲ್ಲ, ಅಂಗೈಯಲ್ಲಿ ಒರೆಸಿ ನೇರ ಬಾಯಿಗೆ ಹಾಕೋದು.