ಬಿಸಿಲಿಗೆ ಸ್ವಿಚ್ ಇಲ್ಲ

ವಿಜಯಪುರ ಜಿಲ್ಲೆಯ ರೈತ ಬಾಂಧವರಿಗೆ, ಮೀಟರ್ ಹಿಡಿದು ಹೊಲ ಹೊಲ ತಿರುಗೋ ಹುಡುಗರಿಗೆ ನಮಸ್ಕಾರ. ಸೋಲಾರ್ ಪ್ಯಾನಲ್ ತಪಾಸಣೆ ಹ್ಯಾಂಗ ಮಾಡಬೇಕು ಅಂತ ಹೇಳಲಿಕ್ಕೆ ಕರೆದಾರ. ನಂದು ಒಂದೇ ಮಾತು: ಬಿಸಿಲಿಗೆ ಸ್ವಿಚ್ ಇಲ್ಲ. ಕಂಟ್ರೋಲರ್ ಅಂದ್ರ ಪ್ಯಾನಲ್ ಕರೆಂಟಿನಿಂದ ಪಂಪು ಓಡಿಸೂ ಡಬ್ಬಿ. ಅದನ್ನ ಬಂದ್ ಮಾಡಿದ್ರ ಪಂಪು ನಿಲ್ತದ, ಪ್ಯಾನಲ್ ನಿಲ್ಲೂದಿಲ್ಲ.

540 ವ್ಯಾಟಿನ ಒಂದು ಪ್ಯಾನಲ್ಲಿಗೆ ಸುಮಾರು 49 ವೋಲ್ಟ್. ಇಷ್ಟss ಏನು ಅಂತೀರಿ. 5 ಎಚ್‌ಪಿ ಪಂಪಿಗೆ ಅಂಥಾವು ಒಂಬತ್ತು ಸಾಲಾಗಿ ಜೋಡಿಸಿದ್ರ 441 ಆತು. ಮನಿ ಲೈನು ಬರೇ 230.

ಇಂಡಿ ಕಡೆ ಒಂದು ನಿಂಬಿ ತೋಟಕ್ಕ ಹೋಗಿದ್ದೆ. ಕಂಟ್ರೋಲರಿನಿಂದ ಪ್ಯಾನಲ್ ವೈರು ಬಿಚ್ಚಿ, ವೋಲ್ಟ್ ನೋಡೂಣು ಅಂತ ಮೀಟರಿನ ಕ್ಲಿಪ್ ಎರಡೂ ಹಚ್ಚಿದೆ. ಸೊನ್ನಿ ತೋರಿಸ್ತು. ವೈರು ಎಲ್ಲೋ ಕಡದದ ಅಂದ್ಕೊಂಡು ಅಲ್ಲೇ ಕುಂತೆ. ಹಿಂದಿನ ದಿನ ಆಂಪಿಯರ್ ನೋಡಿದ್ದೆ, ಮೀಟರಿನ ಕೆಂಪು ವೈರು ಆಂಪಿಯರಿನ ತೂತಿನಾಗೇ ಉಳಿದಿತ್ತು. ಆ ತೂತಿನಾಗಿದ್ರ ಮೀಟರ್ ಬರೇ ಒಂದು ವೈರಿನ ತುಂಡು ಇದ್ದಂಗ. ಅಂದ್ರ ನಾನೇ ಪ್ಲಸ್ಸು ಮೈನಸ್ಸು ಕೂಡಿಸಿ ಶಾರ್ಟ್ ಮಾಡಿಟ್ಟಿದ್ದೆ! ಮನ್ಯಾಗಾದ್ರ ಢಂ ಅಂತ ಫ್ಯೂಸ್ ಹೋಗ್ತಿತ್ತು. ಪ್ಯಾನಲ್ ಹಂಗಲ್ಲ. ಶಾರ್ಟ್ ಆದ್ರೂ ಹದಿಮೂರು ಹದಿನಾಲ್ಕು ಆಂಪಿಯರೇ ಹರೀತದ, ಪಂಪು ಓಡಿಸೂದಕ್ಕಿಂತ ಒಂದೀಟು ಹೆಚ್ಚು ಅಷ್ಟss. ಅದಕ್ಕ ಸದ್ದಿಲ್ಲ, ಗದ್ದಲಿಲ್ಲ. ಮೊದಲ ವಾಸನಿ ಬಂತು, ಆಮ್ಯಾಲೆ ಹೊಗಿ.

ಒಂದು ಕ್ಲಿಪ್ ಕಿತ್ತಾಕ ಹೋದೆ. ಬೆರಳುದ್ದ ನೀಲಿ ಕಿಡಿ ಜಗ್ಗಿಕೊಂಡು ಬಂತು. ಪ್ಯಾನಲ್ಲಿಂದು ಡಿಸಿ, ಅಂದ್ರ ಒಂದೇ ದಿಕ್ಕಿಗೆ ಹರಿಯೂ ಕರೆಂಟು; ಮನಿ ಎಸಿ ಹಂಗ ಹಿಂದ ಮುಂದ ಆಗೂದಿಲ್ಲ. ಡಿಸಿ ಕಿಡಿ ತಾನಾಗಿ ಆರೂದಿಲ್ರೀ. ಕೈ ಬಿಟ್ಟೆ, ಕ್ಲಿಪ್ ಮತ್ತ ಅಲ್ಲೇ ಕುಂತಿತು. "ಬಂದ್ ಮಾಡ್ರೋ" ಅಂತ ಒದರಿದೆ. ಹುಡುಗ ಓಡಿ ಹೋಗಿ ಕಂಟ್ರೋಲರ್ ಬಂದ್ ಮಾಡಿದ. ಏನು ಉಪಯೋಗ? ವೈರು ಅದರಿಂದ ಬಿಚ್ಚಿ ಆಗಿತ್ತು.

ಮನಿ ಮುತ್ಯಾ ಕಟ್ಟಿ ಮ್ಯಾಲಿಂದ ಎದ್ದ. "ಏ ತಮ್ಮಾ, ಬಿಸಿಲಿನಿಂದ ಬರೂದಲ್ಲೇನು ಇದು? ಬಿಸಿಲ ಮುಚ್ಚೂಣು ತಡಿ" ಅಂದವನೇ ಜೋಳದ ರಾಶಿ ಮಾಡೂ ತಾಡಪತ್ರಿ ಎಳಕೊಂಡು ಬಂದ. ಕಡೇ ಪ್ಯಾನಲ್ ಮುಚ್ಚೂತನಕ ಮೀಟರ್ ಸುಡೂದು ನಿಲ್ಲಲಿಲ್ಲ. ಡಿಪ್ಲೊಮಾ ನಂದು, ಬುದ್ಧಿ ಮುತ್ಯಾಂದು.

ವ್ಯಾಳ್ಯಾ ಭಾಳ ಉಳಿದಿಲ್ಲ, ಲಗೂನ ಹೇಳ್ತೀನಿ. ಮೀಟರ್ 1000 ವೋಲ್ಟ್ ಡಿಸಿ ತಡಿಯೂದೇ ತಗೋರಿ, ಸಂತಿ ಮೀಟರ್ ಬ್ಯಾಡ. ಆಂಪಿಯರಿಗೆ ವೈರು ಬಿಚ್ಚದ ಅದರ ಸುತ್ತ ಹಿಡಿಯೂ ಕ್ಲ್ಯಾಂಪ್ ಮೀಟರ್ ಹಾಕ್ರಿ, ಅದೂ ಡಿಸಿ ಓದೂದಿರಬೇಕು. ಬರೇ ಎಸಿ ಕ್ಲ್ಯಾಂಪ್ ಸೊನ್ನಿ ತೋರಸ್ತದ, ನೀವು ಕರೆಂಟ್ ಇಲ್ಲ ಅಂತ ಕೈ ಹಾಕ್ತೀರಿ. ಪಂಪು ಓಡೂವಾಗ ಪ್ಯಾನಲ್ ಕೆಳಗಿನ ವೈರು ಕೂಡಿಸೂ ಪಿನ್ನು ಜಗ್ಗಬ್ಯಾಡ್ರಿ, ಜಗ್ಗಬ್ಯಾಡ್ರಿ. ಮೊದಲ ಪಂಪು ಬಂದ್, ಆಮ್ಯಾಲೆ ಡಿಸಿ ಸ್ವಿಚ್, ಆಮ್ಯಾಲೆ ಪಿನ್ನು. ಬಿಸಿಲು ಅಳಿಯೂ ಮೀಟರ್ ಇದ್ರ ಪ್ಯಾನಲ್ ಎಷ್ಟು ವಾಲಿರ್ತದೋ ಅಷ್ಟss ವಾಲಿಸಿ ಇಡ್ರಿ.

ಇನ್ನೊಂದು, "49 ಬರವಲ್ತು, 43 ಬರ್ತದ" ಅಂತ ಫೋನು ಮಾಡ್ತೀರಿ. ಪ್ಯಾನಲ್ಲಿಗೆ ಹಚ್ಚಿದ ಚೀಟಿ ಮ್ಯಾಲಿಂದು 25 ಡಿಗ್ರಿ ಲೆಕ್ಕ. ನಮ್ಮ ಬ್ಯಾಸಿಗ್ಯಾಗ ಪ್ಯಾನಲ್ 65ಕ್ಕ ಏರ್ತದ, ಕಾದಷ್ಟು ವೋಲ್ಟ್ ಇಳೀತದ. ಪ್ಯಾನಲ್ ಕೆಟ್ಟಿಲ್ಲ.

ಮೆಗ್ಗರ್, ಅಂದ್ರ ಹೆಚ್ಚು ವೋಲ್ಟ್ ಬಿಟ್ಟು ವೈರಿನ ಹೊದಿಕಿ ಗಟ್ಟಿ ಅದನೋ ಇಲ್ಲೋ ನೋಡೂ ಮೀಟರ್, ಅದರ ಬಗ್ಗೆ ಹೇಳೂದಿತ್ತು, ಆಗಲೇ ಕೈ ತೋರಸ್ಲಿಕ್ಕತ್ತಾರ. ಕಂಟ್ರೋಲರಿನಿಂದ ವೈರು ಬಿಚ್ಚದ ಮೆಗ್ಗರ್ ತಿರಗಸಬ್ಯಾಡ್ರಿ, ಕಂಟ್ರೋಲರ್ ಸುಡ್ತದ. ಬಿಚ್ಚಿದ ವೈರಿನ ತುದಿ ಮುಟ್ಟಬ್ಯಾಡ್ರಿ. ಬಿಸಿಲಿಗೆ ಸ್ವಿಚ್ ಇಲ್ಲ ಅಂದೆನಲ್ಲ. ನಮಸ್ಕಾರ.